ಕಲಿಸಲು ಬಂದವರು ಕಲಿತು ಉಳಿದರು

ಚಾಮರಾಜಪೇಟೆ ಬಡಾವಣೆ ರೂಪುಗೊಂಡದ್ದು 1892ರಲ್ಲಿ. ಕೋಟೆ, ಪೇಟೆಗಳ ಇಕ್ಕಟ್ಟಿನಿಂದ ಹೊರಬಂದ ಬೆಂಗಳೂರು ನೇರ ರಸ್ತೆ, ಅಳತೆಯ ನಿವೇಶನ ಎಂದು ಲೆಕ್ಕ ಹಾಕಿ ಬೆಳೆಯತೊಡಗಿದ ಕಾಲ ಅದು. ಬಸವನಗುಡಿ, ಮಲ್ಲೇಶ್ವರಗಳು ಬಂದದ್ದು ಆಮೇಲೆ, 1898ರಲ್ಲಿ, ಪ್ಲೇಗಿನ ಬೆನ್ನಿಗೆ. ಚಾಮರಾಜಪೇಟೆಗೆ ಆಗಿನ ಮಹಾರಾಜರಾದ ಹತ್ತನೆಯ ಚಾಮರಾಜೇಂದ್ರ ಒಡೆಯರ ಹೆಸರಿಟ್ಟರು.

ಅದೇ 1892ರಲ್ಲಿ ಕನ್ನಡ ನಾಡು ಎರಡು ಪಯಣಗಳನ್ನು ಕಂಡಿತು. ಅರವತ್ತು ವರ್ಷದ ಜರ್ಮನ್ ಪಾದ್ರಿ ಫರ್ಡಿನೆಂಡ್ ಕಿಟೆಲ್ ಧಾರವಾಡ ಬಿಟ್ಟು ತಮ್ಮ ದೇಶಕ್ಕೆ ಮರಳಿದರು. ಇಪ್ಪತ್ತೊಂದರ ಹರೆಯದಲ್ಲಿ ಧರ್ಮಪ್ರಚಾರಕ್ಕೆಂದು ಬಂದಿದ್ದವರು ಹೊರಡುವಾಗ ಕನ್ನಡದ ಮಹಾನಿಘಂಟೊಂದನ್ನು ಮುಗಿಸುವ ಹಂತದಲ್ಲಿದ್ದರು. ಆ ವರ್ಷದ ಕೊನೆಯಲ್ಲಿ ಇಪ್ಪತ್ತೊಂಬತ್ತು ವರ್ಷದ ಬಂಗಾಳಿ ಸಂನ್ಯಾಸಿಯೊಬ್ಬರು ಬೆಂಗಳೂರಿಗೆ ಬಂದು ದಿವಾನ್ ಶೇಷಾದ್ರಿ ಅಯ್ಯರ್ ಅವರ ಅತಿಥಿಯಾದರು. ಅಲ್ಲಿಂದ ಮೈಸೂರಿಗೆ ಹೋಗಿ ಚಾಮರಾಜೇಂದ್ರ ಒಡೆಯರನ್ನು ಕಂಡು, ಪಶ್ಚಿಮ ದೇಶಗಳಿಗೆ ಹೋಗುವ ತಮ್ಮ ಇಚ್ಛೆಯನ್ನು ಹೇಳಿಕೊಂಡರು. ಮಹಾರಾಜರು ನೆರವಿನ ಭರವಸೆ ಕೊಟ್ಟರು. ಆ ಸಂನ್ಯಾಸಿ ಸ್ವಾಮಿ ವಿವೇಕಾನಂದರು.

ಒಬ್ಬರು ಪಶ್ಚಿಮದಿಂದ ಇಲ್ಲಿಗೆ ಬಂದವರು, ಇನ್ನೊಬ್ಬರು ಇಲ್ಲಿಂದ ಪಶ್ಚಿಮಕ್ಕೆ ಹೋದವರು. ನಂಬಿಕೆ ಬೇರೆ, ಉದ್ದೇಶವೂ ಬೇರೆ. ಆದರೆ ಪರನಾಡಿನಲ್ಲಿ ಧರ್ಮ ಸಾರಲು ಹೊರಟ ಯುವಕರ ಬದುಕನ್ನು ಹತ್ತಿರದಿಂದ ನೋಡಿದರೆ ಒಂದು ಸತ್ಯ ಮತ್ತೆ ಮತ್ತೆ ಎದುರಾಗುತ್ತದೆ. ಕಲಿಸಲು ಹೋದವನು ಮೊದಲು ಅಲ್ಲಿಯ ಜನರ ಮುಂದೆ ವಿದ್ಯಾರ್ಥಿಯಾಗಿ ಕೂರಬೇಕು. ಹಾಗೆ ಕೂತವರನ್ನು ಮಾತ್ರ ಆ ನಾಡು ನೆನಪಿಟ್ಟುಕೊಂಡಿದೆ.

ಹೊರಡುವ ಮುನ್ನ

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಆರಂಭವಾದ ಬಾಸೆಲ್ ಮಿಶನ್ ತನ್ನ ಮೊದಲ ಮೂವರು ಪಾದ್ರಿಗಳನ್ನು ಕರಾವಳಿಗೆ ಕಳಿಸಿದ್ದು 1834ರಲ್ಲಿ. ಸಾಮುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಆ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರು ಸೇರಿದರು. ಈ ಸಂಸ್ಥೆಗೆ ಸೇರುತ್ತಿದ್ದ ಯುವಕರಲ್ಲಿ ಬಹುಪಾಲು ಜನ ದಕ್ಷಿಣ ಜರ್ಮನಿಯ ರೈತರ, ಕುಶಲಕರ್ಮಿಗಳ ಮಕ್ಕಳು. ಬಾಸೆಲ್ಲಿನ ತರಬೇತಿ ಶಾಲೆಯಲ್ಲಿ ಗಂಟೆ ಹೊಡೆದಂತೆ ಏಳುವುದು, ಪ್ರಾರ್ಥನೆ, ಪಾಠ, ಕೈಕೆಲಸ, ಮತ್ತೆ ಪ್ರಾರ್ಥನೆ. ಹೀಬ್ರೂ, ಗ್ರೀಕ್, ಲ್ಯಾಟಿನ್ ಕಲಿಯಬೇಕು. ಹಿರಿಯರ ಮಾತಿಗೆ ಎದುರಾಡುವಂತಿಲ್ಲ. ವಿದೇಶದಲ್ಲಿ ಕನಿಷ್ಠ ಎರಡು ವರ್ಷ ಕೆಲಸ ಮಾಡುವವರೆಗೆ ಮದುವೆಯ ಮಾತಿಲ್ಲ. ಆಮೇಲೆ ಕೂಡ ಸಮಿತಿಯ ಒಪ್ಪಿಗೆ ಬೇಕು. ಎಷ್ಟೋ ಪಾದ್ರಿಗಳು ತಮ್ಮ ಹೆಂಡತಿಯ ಮುಖವನ್ನು ಮೊದಲು ನೋಡಿದ್ದು ಆಕೆ ಹಡಗಿನಿಂದ ಇಳಿದಾಗ.

ಕಿಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ಕರಾವಳಿಯ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಅಲ್ಲಿಯ ಚರ್ಚಿನ ಪಾದ್ರಿ. ಹುಡುಗನಾಗಿದ್ದಾಗಲೇ ಹಲವು ಭಾಷೆಗಳನ್ನು ಓದಿಕೊಂಡಿದ್ದ ಕಿಟೆಲ್ 1850ರಲ್ಲಿ ಬಾಸೆಲ್ ಸೇರಿದರು, 1853ರಲ್ಲಿ ಭಾರತಕ್ಕೆ ಬಂದರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಹಿಂದಿನ ತಲೆಮಾರಿನವರು ಆಫ್ರಿಕಾದ ತುದಿ ಬಳಸಿ ಹಾಯಿಹಡಗಿನಲ್ಲಿ ನಾಲ್ಕೈದು ತಿಂಗಳು ತೇಲುತ್ತ ಬರಬೇಕಿತ್ತು. ಮನೆಗೆ ಬರೆದ ಕಾಗದಕ್ಕೆ ಉತ್ತರ ಬರುವ ಹೊತ್ತಿಗೆ ಒಂದು ಮಳೆಗಾಲ ಕಳೆದಿರುತ್ತಿತ್ತು. ತಾಯಿಗೆ ಕಾಯಿಲೆ ಎಂಬ ಸುದ್ದಿ ತಲುಪುವಾಗ ತಾಯಿ ಗುಣವಾಗಿದ್ದಾಳೋ ತೀರಿಕೊಂಡಿದ್ದಾಳೋ ತಿಳಿಯುವ ದಾರಿಯಿರಲಿಲ್ಲ. ಇಪ್ಪತ್ತರ ಹರೆಯದ ಹುಡುಗರು ಇದನ್ನೆಲ್ಲ ತಿಳಿದೇ ಹಡಗು ಹತ್ತುತ್ತಿದ್ದರು.

ಮುನ್ಶಿಯ ಮುಂದೆ ಬೆಳಗು

ಕನ್ನಡ ನಾಡಿಗೆ ಬಂದವರು ಬಾಸೆಲ್ಲಿನವರು ಮಾತ್ರವಲ್ಲ. ಬಳ್ಳಾರಿಯಲ್ಲಿ 1810ರಿಂದಲೇ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಇದ್ದರು. ಬೆಂಗಳೂರಿನಲ್ಲಿ ಲಂಡನ್ ಮಿಶನ್ನಿನವರೂ ವೆಸ್ಲಿಯನ್ ಪಂಥದವರೂ ನೆಲೆಯೂರಿದರು. ಈ ಎಲ್ಲ ಯುವಕರ ದಿನ ಹೆಚ್ಚುಕಡಿಮೆ ಒಂದೇ ರೀತಿ ಆರಂಭವಾಗುತ್ತಿತ್ತು. ಬಿಸಿಲು ಏರುವ ಮೊದಲು ಎದ್ದು ಪ್ರಾರ್ಥನೆ, ಬೈಬಲ್ ವಾಚನ. ಆಮೇಲೆ ಮುನ್ಶಿ ಬರುತ್ತಿದ್ದರು.

ಭಾಷೆ ಕಲಿಸುವ ಊರಿನ ಪಂಡಿತರೇ ಮುನ್ಶಿ. ತೆಂಗಿನಕಾಯಿ ಯಾವುದು, ಎಳನೀರು ಯಾವುದು ಎಂಬಲ್ಲಿಂದ ಹಿಡಿದು ಜೈಮಿನಿ ಭಾರತದ ಷಟ್ಪದಿಯವರೆಗೆ ಅವರೇ ಗುರು. ಯುರೋಪಿನಲ್ಲಿ ಐದಾರು ವರ್ಷ ಶಾಸ್ತ್ರ ಓದಿ ಬಂದ ತರುಣ ಇಲ್ಲಿ ಮಗುವಿನ ಹಾಗೆ ಅಕ್ಷರ ತಿದ್ದಬೇಕು. ಲಕಾರ, ಳಕಾರ ನಾಲಗೆಗೆ ಹತ್ತಬೇಕು. ಅಲ್ಪಪ್ರಾಣ, ಮಹಾಪ್ರಾಣ ಕಿವಿಗೆ ಬೇರೆಬೇರೆಯಾಗಿ ಕೇಳಬೇಕು. ಯಾರಿಗೆ ನೀನು, ಯಾರಿಗೆ ನೀವು, ಯಾರಿಗೆ ತಾವು ಎಂಬುದು ತಪ್ಪಿದರೆ ಎದುರಿಗಿದ್ದವರ ಮುಖ ಬಾಡುತ್ತದೆ. ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಸ್ವತಂತ್ರವಾಗಿ ಬೋಧಿಸುವ ಹಾಗಿರಲಿಲ್ಲ.

ಈ ಪಾಠದಿಂದ ಮೊದಲು ಮುರಿಯುತ್ತಿದ್ದದ್ದು ಹಮ್ಮು. ತನ್ನ ಬಳಿ ಇರುವುದೇ ಸತ್ಯ, ಅದನ್ನು ಕೊಡಲೆಂದೇ ಬಂದಿದ್ದೇನೆ ಎಂಬ ನಂಬಿಕೆಯಿಂದ ಬಂದವನು ಪ್ರತಿದಿನ ಬೆಳಗ್ಗೆ ಒಬ್ಬ ಹಿಂದೂ ಪಂಡಿತನ ಎದುರು ಕೂತು, ತಪ್ಪು ಹೇಳಿ, ತಿದ್ದಿಸಿಕೊಳ್ಳುತ್ತಿದ್ದ. ಯಾವ ಧರ್ಮಗ್ರಂಥವೂ ಇಷ್ಟು ಚೆನ್ನಾಗಿ ವಿನಯ ಕಲಿಸಲಾರದು.

ಪಾಠ ಮುಗಿದ ಮೇಲೆ ಶಾಲೆ. ಸಂಜೆ ಬಿಸಿಲಿಳಿದ ಮೇಲೆ ಪೇಟೆ ಬೀದಿ, ಸಂತೆ. ಚಳಿಗಾಲದಲ್ಲಿ ಎತ್ತಿನ ಗಾಡಿಯಲ್ಲಿ ಡೇರೆ ಹೇರಿಕೊಂಡು ಹಳ್ಳಿಗಳಿಗೆ, ಜಾತ್ರೆಗಳಿಗೆ ಪ್ರವಾಸ. ಅಲ್ಲಿ ಬೋಧನೆ ಎಂದೂ ಒಂದೇ ಕಡೆಯಿಂದ ಹರಿಯಲಿಲ್ಲ. ಕೇಳುತ್ತ ನಿಂತವರು ಕರ್ಮದ ಬಗ್ಗೆ, ಪುನರ್ಜನ್ಮದ ಬಗ್ಗೆ, ದೇವರು ಒಬ್ಬನೇ ಆದರೆ ಕಷ್ಟ ಏಕೆ ಎಂಬ ಬಗ್ಗೆ ಮರುಪ್ರಶ್ನೆ ಹಾಕುತ್ತಿದ್ದರು. ಉತ್ತರ ಹೇಳಬೇಕಾದರೆ ಅವರ ಗ್ರಂಥಗಳನ್ನು ಓದಿರಬೇಕಿತ್ತು. ರಾತ್ರಿ ದೀಪದ ಬೆಳಕಿನಲ್ಲಿ ದಿನಚರಿ, ಸಂಸ್ಥೆಗೆ ವರದಿ, ಮನೆಗೆ ಕಾಗದ. ಬಾಸೆಲ್ಲಿನ ಸಮಿತಿ ಪ್ರತಿಯೊಬ್ಬರಿಂದಲೂ ನಿಯಮಿತವಾಗಿ ವರದಿ ಕೇಳುತ್ತಿತ್ತು. ಆ ಕಾಗದಗಳ ರಾಶಿ ಇಂದಿಗೂ ಅಲ್ಲಿಯ ಪತ್ರಾಗಾರದಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಕನ್ನಡ ನಾಡಿನ ಬದುಕನ್ನು ಅರಿಯಲು ಅದು ದೊಡ್ಡ ಆಕರ.

ಗುಬ್ಬಿಯ ಹುಡುಗ, ಪೇಟೆಯ ದಂಪತಿ

ತುಮಕೂರಿನ ಬಳಿಯ ಗುಬ್ಬಿಯಲ್ಲಿ 1837ರಲ್ಲಿ ವೆಸ್ಲಿಯನ್ ಪಾದ್ರಿ ಥಾಮಸ್ ಹಾಡ್ಸನ್ ಒಂದು ಕೇಂದ್ರ ತೆರೆದರು. ಎರಡು ವರ್ಷದ ನಂತರ ಅಲ್ಲಿಗೆ ಬಂದ ವಿಲಿಯಂ ಆರ್ಥರ್ ಐರ್ಲೆಂಡಿನವರು, ವಯಸ್ಸು ಇಪ್ಪತ್ತು. ಕನ್ನಡ ಹಿಡಿತಕ್ಕೆ ಬರುತ್ತಿದ್ದ ಹಾಗೆಯೇ ಕಣ್ಣಿನ ಬೇನೆ ಶುರುವಾಯಿತು. ಓದುವುದೇ ಕಷ್ಟವಾದ ಮೇಲೆ 1841ರಲ್ಲಿ ಹಿಂದಿರುಗಬೇಕಾಯಿತು. ಎರಡು ವರ್ಷಕ್ಕೆ ಮುಗಿದ ಈ ಸೇವೆಯನ್ನು ಸೋಲು ಎಂದು ಬಿಡಬಹುದಿತ್ತು. ಆರ್ಥರ್ ಹಾಗೆ ಬಿಡಲಿಲ್ಲ. 1847ರಲ್ಲಿ ಮೈಸೂರು ಸೀಮೆಯ ತಮ್ಮ ದಿನಗಳ ಬಗ್ಗೆ ಪುಸ್ತಕ ಬರೆದರು. ಮುಂದೆ 1866ರಲ್ಲಿ ವೆಸ್ಲಿಯನ್ ಸಮ್ಮೇಳನದ ಅಧ್ಯಕ್ಷರಾದ ಹಿರಿಯ ಧರ್ಮಬೋಧಕರ ಮೊದಲ ಪಾಠಶಾಲೆ ಗುಬ್ಬಿಯ ಅಡಿಕೆ ಪೇಟೆ.

ಬೆಂಗಳೂರಿನ ಕಥೆ ಇದಕ್ಕಿಂತ ದೀರ್ಘ. 1837ರ ಆರಂಭದಲ್ಲಿ ಲಂಡನ್ ಮಿಶನ್ನಿನ ಬೆಂಜಮಿನ್ ರೈಸ್ ಹೆಂಡತಿಯೊಡನೆ ಇಲ್ಲಿಗೆ ಬಂದಾಗ ಅವರಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಅದೇ ಜುಲೈಯಲ್ಲಿ ಅವರ ಮಗ ಬೆಂಜಮಿನ್ ಲೂಯಿಸ್ ಬೆಂಗಳೂರಿನಲ್ಲೇ ಹುಟ್ಟಿದ. ಅಪ್ಪ ಐವತ್ತು ವರ್ಷ ಈ ಊರಿನಲ್ಲಿ ಕನ್ನಡದಲ್ಲಿ ಬೋಧಿಸಿದರು, ಶಾಲೆ ನಡೆಸಿದರು, ಬೈಬಲ್ಲಿನ ಕನ್ನಡ ಅನುವಾದದ ಪರಿಷ್ಕರಣೆಯಲ್ಲಿ ದುಡಿದರು. ಹೆಣ್ಣುಮಕ್ಕಳನ್ನು ಓದಿಸುವುದು ಅಪರೂಪವಾಗಿದ್ದ 1840ರ ದಶಕದಲ್ಲಿ ಪೇಟೆಯ ಕನ್ನಡ ಹುಡುಗಿಯರಿಗೆ ಶಾಲೆ ಕಟ್ಟಿದ ಕೆಲಸದಲ್ಲಿ ಅವರ ಪತ್ನಿಯ ದುಡಿಮೆ ದೊಡ್ಡದು. ರೈಸ್ 1887ರಲ್ಲಿ ತೀರಿಕೊಂಡರು. ಚಾಮರಾಜಪೇಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಅವೆನ್ಯೂ ರಸ್ತೆಯ ಅಂಗಡಿಗಳ ನಡುವೆ ನಿಂತಿರುವ ರೈಸ್ ಸ್ಮಾರಕ ಚರ್ಚು ಅವರ ಹೆಸರಿನದೇ.

ಬೆಂಗಳೂರಿನಲ್ಲಿ ಹುಟ್ಟಿದ ಆ ಮಗನೇ ಬಿ.ಎಲ್. ರೈಸ್. 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಬೆಳಕಿಗೆ ತಂದವರು. ಇನ್ನೊಬ್ಬ ಮಗ ಇ.ಪಿ. ರೈಸ್ ಅಪ್ಪನ ಹಾಗೆಯೇ ಮಿಶನರಿಯಾಗಿ, ಕನ್ನಡ ಸಾಹಿತ್ಯದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದರು. ತಂದೆ ಮುನ್ಶಿಯ ಮುಂದೆ ಕಲಿತ ಭಾಷೆ ಮಕ್ಕಳ ಕೈಯಲ್ಲಿ ನಾಡಿನ ಚರಿತ್ರೆಯನ್ನೇ ಬರೆಯಿಸಿತು.

ಮೊಗ್ಲಿಂಗ್ ಕೇಳಿಸಿಕೊಂಡ ದಾಸರ ಪದ

ಹರ್ಮನ್ ಮೊಗ್ಲಿಂಗ್ ಮಂಗಳೂರಿಗೆ ಬಂದದ್ದು 1836ರ ಡಿಸೆಂಬರಿನಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದವರು, ಚುರುಕು ಮನಸ್ಸಿನವರು. ಮಂಗಳೂರಿನಲ್ಲಿ ಹುಡುಗರನ್ನು ಸೇರಿಸಿಕೊಂಡು ಶಾಲೆ ನಡೆಸಿದಾಗ ಅವರ ನಡುವೆಯೇ ವಾಸ ಮಾಡಿದರು. ಜನರ ಬಾಯಲ್ಲಿದ್ದ ಗಾದೆ, ಹಾಡು, ಕಥೆಗಳನ್ನು ಬರೆದುಕೊಳ್ಳುವುದು ದಿನದ ಅಭ್ಯಾಸವಾಯಿತು.

1843ರ ಜುಲೈ 1ರಂದು ಅವರ ಸಂಪಾದಕತ್ವದಲ್ಲಿ 'ಮಂಗಳೂರ ಸಮಾಚಾರ' ಹೊರಬಂತು. ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚಿನಲ್ಲಿ ಅಚ್ಚಾದ ಪಾಕ್ಷಿಕ. ಊರಿನ ಸುದ್ದಿ, ಸರ್ಕಾರದ ಆಜ್ಞೆ, ದೂರದೇಶದ ವರ್ತಮಾನ, ಗಾದೆ, ಹಾಡುಗಳೆಲ್ಲ ಅದರಲ್ಲಿದ್ದವು. ಮರುವರ್ಷ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಜುಲೈ 1ನ್ನು ನಾವಿಂದು ಪತ್ರಿಕಾ ದಿನವೆಂದು ಆಚರಿಸುವುದು ಈ ಕಾರಣಕ್ಕೆ.

ಅದಕ್ಕಿಂತ ಆಳದ ಕೆಲಸ ಆಮೇಲಿನದು. ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಎಂಬವರು ಹಣ ಕೊಟ್ಟರು. 1848ರಿಂದ ಮೊಗ್ಲಿಂಗ್ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ ಮುಂತಾದ ಕಾವ್ಯಗಳನ್ನು ಅಚ್ಚು ಹಾಕಿಸಿದರು. 1850ರಲ್ಲಿ ದಾಸರ ಪದಗಳ ಸಂಗ್ರಹ ಬಂತು. ಪುರಂದರದಾಸರ, ಕನಕದಾಸರ ಪದಗಳು ಪುಸ್ತಕವಾಗಿ ಮೊದಲು ಅಚ್ಚಾದದ್ದು ಕ್ರೈಸ್ತ ಪಾದ್ರಿಯೊಬ್ಬರ ಕೈಯಿಂದ. ಹರಿನಾಮ ಹಾಡುವವರ ಮನಸ್ಸನ್ನು ತನ್ನ ಧರ್ಮದ ಕಡೆ ಒಲಿಸಬೇಕೆಂದು ಬಂದ ಮನುಷ್ಯ ಆ ಹಾಡುಗಳಲ್ಲಿ ನಿಜವಾದ ಭಕ್ತಿಯಿದೆ, ಅದು ಕಳೆದುಹೋಗಬಾರದು ಎಂದು ಕಂಡುಕೊಂಡದ್ದು ಸಣ್ಣ ಮಾತಲ್ಲ. ಇನ್ನೊಬ್ಬರ ಪ್ರಾರ್ಥನೆಯನ್ನು ಗೌರವದಿಂದ ಕೇಳಿಸಿಕೊಳ್ಳುವುದು ಅವರು ಇಲ್ಲಿ ಕಲಿತ ಪಾಠ. ಮೊಗ್ಲಿಂಗರ ಕನ್ನಡ ಸೇವೆಗಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು.

ಕಿಟೆಲ್ ಪಟ್ಟ ಕಷ್ಟ

ಕಿಟೆಲ್ ಅವರ ಆರಂಭದ ವರ್ಷಗಳು ಸುಖದ್ದಲ್ಲ. ಧಾರವಾಡದ ಸುತ್ತ ಅವರು ಕಾಲ್ನಡಿಗೆಯಲ್ಲಿ ತಿರುಗಿದರು, ಜನರ ನಡುವೆ ಜನರಂತೆ ಬದುಕಬೇಕೆಂದು ಹಟ ಹಿಡಿದರು. ಸಂಸ್ಥೆಯ ಹಿರಿಯರಿಗೂ ಜೊತೆಯ ಪಾದ್ರಿಗಳಿಗೂ ಇದು ಹಿಡಿಸಲಿಲ್ಲ. ಕೆಲಸದ ಪದ್ಧತಿಯ ಬಗ್ಗೆ ಭಿನ್ನಾಭಿಪ್ರಾಯ ಬೆಳೆಯಿತು, ಅವರು ಒಂಟಿಯಾದರು. ಎಷ್ಟು ಜನರನ್ನು ಮತಕ್ಕೆ ತಂದರು ಎಂಬ ಅಳತೆಯಲ್ಲಿ ನೋಡಿದರೆ ಕಿಟೆಲ್ ಗೆದ್ದ ಮಿಶನರಿಯಲ್ಲ.

ಮನೆಯ ದುಃಖವೂ ಕಾದಿತ್ತು. 1860ರಲ್ಲಿ ಪೌಲಿನ್ ಐತ್ ಅವರನ್ನು ಮದುವೆಯಾದರು. ನಾಲ್ಕೇ ವರ್ಷಕ್ಕೆ ಆಕೆ ತೀರಿಕೊಂಡರು. ಮೂರು ವರ್ಷದ ಬಳಿಕ ಆಕೆಯ ತಂಗಿ ಜೂಲಿ ಅವರೊಡನೆ ಮತ್ತೆ ಸಂಸಾರ ಕಟ್ಟಿದರು. ಆ ಕಾಲದ ಪಾದ್ರಿ ಕುಟುಂಬಗಳಿಗೆ ಜ್ವರ, ಭೇದಿ, ಹೆರಿಗೆಯ ಸಾವು ಹೊಸದಲ್ಲ. ಬೈಬಲ್ ಅನುವಾದದಲ್ಲಿ ಮುಳುಗಿದ್ದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ನಲವತ್ತು ತುಂಬುವ ಮೊದಲೇ ಹೋದರು. 1869ರಲ್ಲಿ ಮಂಗಳೂರಿಗೆ ಬಂದ ಯೊಹಾನ್ನೆಸ್ ಹೆಸ್ಸೆ ಎಂಬ ತರುಣ ಆರೋಗ್ಯ ಕೆಟ್ಟು ನಾಲ್ಕು ವರ್ಷದಲ್ಲಿ ಮರಳಿದರು. ಅವರ ಮಗನೇ 'ಸಿದ್ಧಾರ್ಥ' ಬರೆದ ಹರ್ಮನ್ ಹೆಸ್ಸೆ.

ಕಿಟೆಲ್ ಉಳಿದರು. 1862ರಲ್ಲಿ ಏಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಬರೆದರು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿದರು. ನಡುವೆ ನಡೆಯುತ್ತಲೇ ಇದ್ದದ್ದು ನಿಘಂಟಿನ ಕೆಲಸ. ಓಲೆಗರಿಗಳನ್ನು ಓದಿ ಪದ ಆಯುವುದು, ಪಂಡಿತರೊಡನೆ ಕೂತು ಅರ್ಥ ಬಿಡಿಸುವುದು, ರೈತ, ಬಡಗಿ, ಕುಂಬಾರರ ಬಾಯಿಂದ ಕಸುಬಿನ ಮಾತು ಕೇಳುವುದು. ಯಾವ ಪದ ಯಾವ ಕಾವ್ಯದ್ದು, ಯಾವುದು ಮೈಸೂರು ಸೀಮೆಯ ಮಾತು ಎಂದು ಗುರುತು ಹಾಕುವುದು. ಪದ ಜನರ ಬಾಯಲ್ಲಿ ಹೇಗೆ ಬಾಳುತ್ತದೆ ಎಂದು ತೋರಿಸಲು ಗಾದೆಗಳನ್ನು ಪೋಣಿಸುವುದು. ಸುಮಾರು 70,000 ಪದಗಳ, 1,700ಕ್ಕೂ ಹೆಚ್ಚು ಪುಟಗಳ ಆ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಶನ್ನಿನಿಂದ 1894ರಲ್ಲಿ ಹೊರಬಂತು. ಟ್ಯೂಬಿಂಗನ್ ವಿಶ್ವವಿದ್ಯಾಲಯ ಕಿಟೆಲ್ ಅವರಿಗೂ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ಡಿಸೆಂಬರಿನಲ್ಲಿ ಅವರು ಕಣ್ಣುಮುಚ್ಚಿದರು.

ತನಗೆ ವಹಿಸಿದ ಕೆಲಸದಲ್ಲಿ ಸೋತೆ ಎಂದು ಅನಿಸಿದಾಗ ಮನುಷ್ಯ ಏನು ಮಾಡಬೇಕು? ಕೈಲಾಗುವ, ಉಪಯೋಗಕ್ಕೆ ಬರುವ ಕೆಲಸವೊಂದನ್ನು ಹಿಡಿದು ದಿನಕ್ಕಿಷ್ಟು ಎಂದು ಮಾಡುತ್ತ ಹೋಗಬೇಕು. ಕಿಟೆಲ್ ಬದುಕು ಕೊಡುವ ಉತ್ತರ ಇದು. ಫಲದ ಮೇಲೆ ಕಣ್ಣಿಡದೆ ಕರ್ಮ ಮಾಡು ಎಂದು ನಾವು ಹೇಳುತ್ತೇವೆ. ಬೇರೆ ಧರ್ಮಗ್ರಂಥ ಓದಿದ ಮನುಷ್ಯ ಅದನ್ನು ಬದುಕಿ ತೋರಿಸಿದರು.

ಮರೆಮಾಚಬಾರದ ಮಾತು

ಕೃತಜ್ಞತೆಯ ಹೆಸರಿನಲ್ಲಿ ಸತ್ಯವನ್ನು ಮುಚ್ಚಿಡಬೇಕಿಲ್ಲ. ಇವರೆಲ್ಲ ಬಂದದ್ದು ಮತಾಂತರದ ಉದ್ದೇಶದಿಂದಲೇ. ಮಿಶನ್ನಿನ ಅಚ್ಚುಕೂಟಗಳು ಕಾವ್ಯಗಳ ಜೊತೆಗೆ ನಮ್ಮ ಆಚಾರ, ನಂಬಿಕೆಗಳನ್ನು ಹಳಿಯುವ ಕಿರುಹೊತ್ತಿಗೆಗಳನ್ನೂ ಹಂಚಿದವು. ವಸಾಹತು ಆಡಳಿತದ ನೆರಳೂ ಅವರ ಹಿಂದೆ ಇತ್ತು. 1844ರಲ್ಲಿ ಮಂಗಳೂರಿನ ಸಾರಸ್ವತ ಮನೆತನಗಳ ಮೂವರು ಹುಡುಗರು ಕ್ರೈಸ್ತರಾದಾಗ ಊರು ಹೊತ್ತಿ ಉರಿಯಿತು, ಮನೆಗಳು ಒಡೆದವು. ಆ ನೋವು ನಿಜ.

ಮಿಶನರಿಗಳಲ್ಲೇ ಪ್ರಾಮಾಣಿಕರಾದವರು ತಮ್ಮ ಗುರಿಯ ಸೋಲನ್ನು ಒಪ್ಪಿಕೊಂಡದ್ದೂ ಉಂಟು. ಫ್ರಾನ್ಸಿನ ಅಬ್ಬೆ ದುಬ್ವಾ 1792ರಲ್ಲಿ ಇಪ್ಪತ್ತರ ಹರೆಯದಲ್ಲೇ ದಕ್ಷಿಣ ಭಾರತಕ್ಕೆ ಬಂದು, ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯಲ್ಲಿ ನೆಲೆಸಿದರು. ಊರಿನವರ ಉಡುಪು ತೊಟ್ಟು, ಊರಿನವರ ಆಹಾರ ತಿಂದರು. ಸಿಡುಬಿಗೆ ಚುಚ್ಚುಮದ್ದು ಹಾಕುವುದನ್ನು ಜನರಲ್ಲಿ ಹರಡಿದರು. ಮೂರು ದಶಕ ದುಡಿದು 1823ರಲ್ಲಿ ಮರಳಿದಾಗ, ಹಿಂದೂಗಳನ್ನು ಮತಾಂತರಿಸುವ ಪ್ರಯತ್ನ ಫಲಿಸಲಿಲ್ಲವೆಂದು ಅಚ್ಚಿನಲ್ಲೇ ಬರೆದರು.

ಇಲ್ಲಿಂದ ಅಲ್ಲಿಗೆ

ಆ ಮೂವರು ಮಂಗಳೂರು ಹುಡುಗರಲ್ಲಿ ಒಬ್ಬರು ಆನಂದರಾವ್ ಕೌಂಡಿನ್ಯ. 1846ರಲ್ಲಿ, ಇಪ್ಪತ್ತೊಂದರ ಆಸುಪಾಸಿನಲ್ಲಿ ಅವರು ಬಾಸೆಲ್ಲಿಗೆ ಹೋಗಿ ಐದು ವರ್ಷ ಅಲ್ಲಿ ಓದಿದರು. ಜರ್ಮನ್ ಹುಡುಗರು ಇಲ್ಲಿಯ ಸೆಕೆಯಲ್ಲಿ ಕನ್ನಡದ ಅಕ್ಷರ ತಿದ್ದುತ್ತಿದ್ದ ಕಾಲಕ್ಕೆ ಕರಾವಳಿಯ ಹುಡುಗನೊಬ್ಬ ಅಲ್ಲಿಯ ಹಿಮದಲ್ಲಿ ಗ್ರೀಕ್, ಹೀಬ್ರೂ ಕಲಿಯುತ್ತಿದ್ದ. 1851ರಲ್ಲಿ ಮಿಶನರಿಯಾಗಿ ಮರಳಿದ ಕೌಂಡಿನ್ಯರು ಮಂಗಳೂರಿನಲ್ಲೂ ಕೊಡಗಿನಲ್ಲೂ ದುಡಿದರು.

ನಾಲ್ಕು ದಶಕದ ನಂತರ ವಿವೇಕಾನಂದರ ಸರದಿ. ಅವರನ್ನು ಕಳಿಸಲು ಮನೆಮನೆ ತಿರುಗಿ ಹಣ ಕೂಡಿಸಿದ ಅಳಸಿಂಗ ಪೆರುಮಾಳ್ ಚಿಕ್ಕಮಗಳೂರಿನಲ್ಲಿ ಹುಟ್ಟಿ ಮದರಾಸಿನಲ್ಲಿ ಉಪಾಧ್ಯಾಯರಾಗಿದ್ದವರು. ಸ್ವಾಮೀಜಿ 1893ರ ಮೇ 31ರಂದು ಮುಂಬಯಿಯಲ್ಲಿ ಹಡಗು ಹತ್ತಿ ಜುಲೈ ಕೊನೆಗೆ ಷಿಕಾಗೊ ತಲುಪಿದರು. ಅಲ್ಲಿ ನಡೆಯಲಿದ್ದ ಧರ್ಮಸಮ್ಮೇಳನಕ್ಕೆ ಇನ್ನೂ ಆರು ವಾರ. ಕೈಯಲ್ಲಿದ್ದ ಹಣ ಕರಗತೊಡಗಿತು. ಖರ್ಚು ಕಡಿಮೆಯೆಂದು ಬಾಸ್ಟನ್ ಕಡೆಗೆ ಹೋದರು. ತೆಳು ಬಟ್ಟೆಯಲ್ಲಿ ಚಳಿ ತಡೆಯಲಾಗುತ್ತಿರಲಿಲ್ಲ. ಉಡುಪು ನೋಡಿ ಬೀದಿಯಲ್ಲಿ ಹುಡುಗರು ಕೂಗಿ ಗೇಲಿ ಮಾಡುತ್ತಿದ್ದರು. ಅಳಸಿಂಗರಿಗೆ ಆಗಸ್ಟಿನಲ್ಲಿ ಬರೆದ ಕಾಗದದಲ್ಲಿ ಈ ಕಷ್ಟವೆಲ್ಲ ಇದೆ. ಮರಳಿ ಷಿಕಾಗೊಗೆ ಬಂದಾಗ ವಿಳಾಸ ಕಳೆದು, ರೈಲು ನಿಲ್ದಾಣದ ಖಾಲಿ ಡಬ್ಬಿಯಲ್ಲಿ ರಾತ್ರಿ ಕಳೆದದ್ದನ್ನು ಜೀವನಚರಿತ್ರೆಗಳು ದಾಖಲಿಸಿವೆ. ಸೆಪ್ಟೆಂಬರ್ 11ರ ಭಾಷಣ ಎಲ್ಲರಿಗೂ ಗೊತ್ತು. ಅದರ ಹಿಂದಿನ ಈ ಆರು ವಾರಗಳನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಅವರನ್ನು ಉಳಿಸಿದ್ದು ಅಲ್ಲಿಯ ಅಪರಿಚಿತರು. ರೈಲಿನಲ್ಲಿ ಪರಿಚಯವಾದ ಮಹಿಳೆ ಮನೆಗೆ ಕರೆದರು. ಪ್ರಾಧ್ಯಾಪಕ ರೈಟ್ ಪರಿಚಯಪತ್ರ ಕೊಟ್ಟರು. ಬೀದಿ ಬದಿಯಲ್ಲಿ ದಣಿದು ಕೂತಿದ್ದ ಸಂನ್ಯಾಸಿಯನ್ನು ಹೇಲ್ ಕುಟುಂಬ ಒಳಗೆ ಕರೆದು ಊಟ ಹಾಕಿತು. ಕೊಡಲು ಹೋದವರು ಮೊದಲು ಕೈಯೊಡ್ಡಬೇಕಾಯಿತು. ಸ್ವಾಮೀಜಿ ಆ ಸಮಾಜದಲ್ಲಿ ಸಂಘಟನೆಯ ಶಕ್ತಿಯನ್ನು, ಹೆಣ್ಣುಮಕ್ಕಳ ಶಿಕ್ಷಣವನ್ನು ಕಣ್ಣಾರೆ ಕಂಡರು. ತಾವು ಕಂಡದ್ದನ್ನು ಊರಿನ ಗೆಳೆಯರಿಗೆ ಮುಚ್ಚುಮರೆಯಿಲ್ಲದೆ ಬರೆದರು. 1894ರ ಜೂನ್ 23ರಂದು ಷಿಕಾಗೊದಿಂದ ಮೈಸೂರು ಮಹಾರಾಜರಿಗೂ ಕಾಗದ ಬರೆದರು. ಅದೇ ವರ್ಷದ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರು ಮೂವತ್ತೊಂದರ ಕಿರಿವಯಸ್ಸಿನಲ್ಲಿ ತೀರಿಕೊಂಡರು.

ವಿವೇಕಾನಂದರ ಆ ಧಾರೆ ನಮ್ಮ ನೆರೆಯಲ್ಲೇ ಮುಂದುವರಿಯಿತು. ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯ ರಾಮಕೃಷ್ಣ ಆಶ್ರಮದ ಕಟ್ಟಡ 1909ರಲ್ಲಿ ಸ್ವಾಮಿ ಬ್ರಹ್ಮಾನಂದರಿಂದ ಉದ್ಘಾಟನೆಗೊಂಡಿತು. 1951ರಿಂದ ಅದನ್ನು ಮುನ್ನಡೆಸಿದ ಸ್ವಾಮಿ ಯತೀಶ್ವರಾನಂದರು ಅದಕ್ಕೂ ಮೊದಲು 1933ರಲ್ಲಿ ಜರ್ಮನಿಯ ವೀಸ್‌ಬಾಡನ್ನಿಗೆ ಹೋಗಿ ವೇದಾಂತ ಬೋಧಿಸಿದ್ದರು. ಯುದ್ಧದ ವರ್ಷಗಳನ್ನು ಹೊರದೇಶಗಳಲ್ಲಿ ಕಳೆದು ಭಾರತಕ್ಕೆ ಮರಳಿದರು. ಜರ್ಮನರು ಬೈಬಲ್ ಹಿಡಿದು ಧಾರವಾಡಕ್ಕೆ ಬಂದ ನೂರು ವರ್ಷದ ಒಳಗೆ ಸಂನ್ಯಾಸಿಯೊಬ್ಬರು ಉಪನಿಷತ್ತು ಹಿಡಿದು ಜರ್ಮನಿಗೆ ಹೋಗಿದ್ದರು.

ನಮಗೆ ಉಳಿದದ್ದು

ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಇದೆ, 1915ರಲ್ಲಿ ಸ್ಥಾಪನೆಯಾದದ್ದು. ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಜಿ. ವೆಂಕಟಸುಬ್ಬಯ್ಯನವರಂಥ ವಿದ್ವಾಂಸರ ದಶಕಗಳ ದುಡಿಮೆಯಿಂದ 1995ರಲ್ಲಿ ಪೂರ್ತಿಯಾಯಿತು. ಕಿಟೆಲ್ ಕಟ್ಟಿದ ಅಡಿಪಾಯವಿಲ್ಲದೆ ಆ ಕಟ್ಟಡ ಏಳುವುದು ಕಷ್ಟವಿತ್ತು. ಮಹಾತ್ಮ ಗಾಂಧಿ ರಸ್ತೆಯಲ್ಲಿ ಕಿಟೆಲ್ ಪ್ರತಿಮೆ ಇದೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಎಷ್ಟು ಜನರನ್ನು ಮತಕ್ಕೆ ಸೇರಿಸಿದರು ಎಂದು ಆ ಪ್ರತಿಮೆಯ ಮುಂದೆ ಯಾರೂ ಕೇಳುವುದಿಲ್ಲ. ನಾಡು ಅವರ ಸಾರಿಕೆಯನ್ನು ಬಿಟ್ಟು ಕಲಿಕೆಯನ್ನು ಉಳಿಸಿಕೊಂಡಿದೆ.

ಆದರೆ ಈ ಕಥೆಯಲ್ಲಿ ಪ್ರತಿಮೆ ಸಿಗದವರು ಇದ್ದಾರೆ. ದಿನ ಬೆಳಗಾದರೆ ಬಂದು, ಬೇರೆ ಧರ್ಮದ, ಬೇರೆ ಬಣ್ಣದ, ತಮ್ಮ ನಂಬಿಕೆಯನ್ನೇ ಪ್ರಶ್ನಿಸಲು ಬಂದ ಹುಡುಗನಿಗೆ ತಾಳ್ಮೆಯಿಂದ ಕನ್ನಡ ಹೇಳಿಕೊಟ್ಟ ಮುನ್ಶಿಗಳು. ಅವರಲ್ಲಿ ಬಹುಪಾಲು ಜನರ ಹೆಸರು ಯಾವ ಪುಸ್ತಕದ ಮುಖಪುಟದಲ್ಲೂ ಇಲ್ಲ. ಅವರು ಬಾಗಿಲು ಹಾಕಿಕೊಂಡಿದ್ದರೆ ಕಿಟೆಲ್ ನಿಘಂಟೂ ಇಲ್ಲ, ಮೊಗ್ಲಿಂಗರ ಪತ್ರಿಕೆಯೂ ಇಲ್ಲ, ರೈಸ್ ಅವರ ಶಾಸನ ಸಂಪುಟಗಳೂ ಇಲ್ಲ. ವಿವೇಕಾನಂದರಿಗೆ ಊಟ ಹಾಕಿದ ಷಿಕಾಗೊದ ಮನೆಯಷ್ಟೇ ದೊಡ್ಡ ಮನಸ್ಸು ಧಾರವಾಡದ, ಮಂಗಳೂರಿನ, ಬೆಂಗಳೂರು ಪೇಟೆಯ ಈ ಪಂಡಿತರದು.

ಇಂದು ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಎಷ್ಟೋ ಮನೆಗಳ ಮಕ್ಕಳು ಪರದೇಶಗಳಲ್ಲಿದ್ದಾರೆ. ಅವರು ಹೋದದ್ದು ಓದಿಗೆ, ಉದ್ಯೋಗಕ್ಕೆ. ಆದರೂ ಪರನಾಡಿನ ಒಂಟಿತನ, ಭಾಷೆಯ ತೊಡಕು, ಸೋಲಿನ ಭಯ ಅವೇ. ಅವರಿಗೆ ಈ ಹಳೆಯ ಪಯಣಿಗರ ಬದುಕಿನಿಂದ ಹೇಳಬಹುದಾದ ಮಾತು ಇಷ್ಟು: ಇರುವ ನಾಡಿನ ಭಾಷೆಯನ್ನು ಮನಸ್ಸಿಟ್ಟು ಕಲಿಯಿರಿ, ಅಲ್ಲಿಯವರ ಹಾಡನ್ನು, ಪ್ರಾರ್ಥನೆಯನ್ನು ಗೌರವದಿಂದ ಕೇಳಿರಿ, ಹಿಡಿದ ಕೆಲಸವನ್ನು ಫಲ ಕಾಣದ ದಿನಗಳಲ್ಲೂ ಬಿಡಬೇಡಿ.

ಊರಿನಲ್ಲೇ ಇರುವ ನಮಗೆ ಬೇರೆ ಕೆಲಸವಿದೆ. ಬೆಂಗಳೂರಿಗೆ ದಿನವೂ ಹೊಸಬರು ಬರುತ್ತಾರೆ. ಇವರು ಕನ್ನಡ ಕಲಿಯುವುದಿಲ್ಲ ಎಂದು ದೂರುವುದು ಸುಲಭ. ಕಲಿಸಲು ನಾವು ಎಷ್ಟು ಜನ ಸಿದ್ಧರಿದ್ದೇವೆ ಎಂಬುದೇ ನಿಜವಾದ ಪ್ರಶ್ನೆ. ಮಹಡಿ ಮನೆಗೆ ಬಾಡಿಗೆಗೆ ಬಂದ ತರುಣನಿಗೆ, ಕಚೇರಿಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುವ ತರುಣಿಗೆ ವಾರದಲ್ಲಿ ಒಂದು ಗಂಟೆ ಕನ್ನಡ ಹೇಳಿಕೊಡಿ. ತಪ್ಪು ಮಾತಾಡಿದರೆ ನಗದೆ ತಿದ್ದಿ. ಆ ಮುನ್ಶಿಗಳಿಗೆ ನಾವು ಸಲ್ಲಿಸಬೇಕಾದ ಋಣ ಇನ್ನೂ ಬಾಕಿಯಿದೆ.